ನಿಕ್ಸಿ ಟ್ಯೂಬುಗಳಿಗೆ 180 ವೋಲ್ಟ್: ಲೋಡ್ ಹೆಚ್ಚಿದಂತೆ ಕುಸಿಯುವ ಪವರ್ ಸಪ್ಲೈ

ಪ್ರಶ್ನೆ (ಹಾಸನದಿಂದ)

ಎಲ್ಲರಿಗೂ ನಮಸ್ಕಾರ.

ಗಂಟೆ, ನಿಮಿಷ, ಸೆಕೆಂಡುಗಳನ್ನು ತೋರಿಸುವ ಗಡಿಯಾರವೊಂದನ್ನು ಕಟ್ಟುವ ಆಸೆಯಿಂದ ಸೋವಿಯತ್ ಕಾಲದ ಆರು ಐಎನ್-14 ನಿಕ್ಸಿ ಟ್ಯೂಬುಗಳನ್ನು (ಅಂಕಿಯ ಆಕಾರದ ಲೋಹದ ತುಣುಕುಗಳು ಹೊಳೆದು ಅಂಕಿ ತೋರಿಸುವ ಗಾಜಿನ ಟ್ಯೂಬುಗಳು) ತರಿಸಿಕೊಂಡಿದ್ದೇನೆ. ಮೊದಲ ಟ್ಯೂಬಿನೊಳಗೆ ಕಿತ್ತಳೆ ಬಣ್ಣದ 7 ಹೊತ್ತಿಕೊಂಡ ರಾತ್ರಿ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಆದರೆ ಆರನ್ನೂ ಒಟ್ಟಿಗೆ ಬೆಳಗಿಸಲು ಮೂರು ವಾರಗಳಿಂದ ಪ್ರಯತ್ನಿಸುತ್ತಿದ್ದರೂ ಸಾಧ್ಯವಾಗಿಲ್ಲ. ತಪ್ಪು ಎಲ್ಲಿದೆ ಎಂಬುದು ನನಗೆ ತಿಳಿಯುತ್ತಿಲ್ಲ.

ನಾನು ಕಟ್ಟಿರುವುದು 12 ವೋಲ್ಟಿನಿಂದ 180 ವೋಲ್ಟಿಗೆ ಏರಿಸುವ ಬೂಸ್ಟ್ ಸರ್ಕ್ಯೂಟ್. ಇದನ್ನು ನಿಯಂತ್ರಿಸಲು ಎಂಸಿ34063 ಐಸಿ, ಹೊರಗೆ ಸ್ವಿಚ್ಚಿನಂತೆ ಕೆಲಸ ಮಾಡುವ ಐಆರ್‌ಎಫ್740 ಮಾಸ್‌ಫೆಟ್, 100 ಮೈಕ್ರೊಹೆನ್ರಿಯ ಇಂಡಕ್ಟರ್ (ತಂತಿಯ ಸುರುಳಿ, ಹಸಿರು ಬಣ್ಣದ್ದು, ರೆಸಿಸ್ಟರ್‌ನಂತೆಯೇ ಪಟ್ಟೆಗಳಿರುವುದು), 1ಎನ್4007 ಡಯೋಡ್, ಔಟ್‌ಪುಟ್‌ನಲ್ಲಿ 4.7 ಮೈಕ್ರೊಫ್ಯಾರಡ್ 250 ವೋಲ್ಟಿನ ಕೆಪಾಸಿಟರ್ ಬಳಸಿದ್ದೇನೆ. ಟೈಮಿಂಗ್ ಕೆಪಾಸಿಟರ್ 470 ಪಿಕೊಫ್ಯಾರಡ್, ಕರೆಂಟ್ ಅಳೆಯುವ ರೆಸಿಸ್ಟರ್ 0.22 ಓಮ್. ಫೀಡ್‌ಬ್ಯಾಕ್‌ಗೆ (ಔಟ್‌ಪುಟ್ ಎಷ್ಟಿದೆ ಎಂದು ಐಸಿಗೆ ತಿಳಿಸುವ ಜೋಡಣೆ) ಮೇಲೆ 680 ಕಿಲೊಓಮ್, ಕೆಳಗೆ 4.7 ಕಿಲೊಓಮ್. ಮಾಸ್‌ಫೆಟ್‌ನ ಗೇಟನ್ನು (ಅದನ್ನು ತೆರೆದು ಮುಚ್ಚುವ ಕಾಲು) ಐಸಿಯ 2ನೇ ಪಿನ್ನಿಗೆ ನೇರವಾಗಿ ಸೇರಿಸಿ, ಅಲ್ಲಿಂದ ಗ್ರೌಂಡಿಗೆ 1 ಕಿಲೊಓಮ್ ಹಾಕಿದ್ದೇನೆ. ಪ್ರತಿ ಟ್ಯೂಬಿನ ಆ್ಯನೋಡಿಗೆ (ಧನ ತುದಿಗೆ) 15 ಕಿಲೊಓಮ್ ರೆಸಿಸ್ಟರ್ ಇದೆ. ಎಲ್ಲವೂ ಸದ್ಯ ಬೆಸುಗೆಯಿಲ್ಲದೆ ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್ ಮೇಲಿದೆ.

ಟ್ಯೂಬುಗಳಿಲ್ಲದೆ ಅಳೆದರೆ ಮಲ್ಟಿಮೀಟರ್ 182 ವೋಲ್ಟ್ ತೋರಿಸುತ್ತದೆ. ಎರಡು ಟ್ಯೂಬುಗಳವರೆಗೂ ತೊಂದರೆಯಿಲ್ಲ. ಮೂರನೆಯದನ್ನು ಸೇರಿಸಿದೊಡನೆ 170ಕ್ಕೆ ಇಳಿಯುತ್ತದೆ, ಐದಾಗುವ ಹೊತ್ತಿಗೆ 158ರಲ್ಲಿ ನಿಂತು ಎಲ್ಲ ಅಂಕಿಗಳೂ ಮಂಕಾಗುತ್ತವೆ, ಆರನೆಯದು ಹೊತ್ತಿಕೊಳ್ಳುವುದೇ ಇಲ್ಲ. ಇಂಡಕ್ಟರ್ ಸಣ್ಣಗೆ ಸಿಳ್ಳೆ ಹಾಕಿದಂತೆ ಸದ್ದು ಮಾಡುತ್ತದೆ. ಸರ್ಕ್ಯೂಟ್ ನಡೆಯುತ್ತಿರುವಾಗ ಮಾಸ್‌ಫೆಟ್‌ನ ಲೋಹದ ಬೆನ್ನಿಗೆ ಬೆರಳು ತಾಗಿಸಿ ನೋಡಿದರೆ ಒಂದು ಕ್ಷಣವೂ ಇಡಲಾರದಷ್ಟು ಬಿಸಿಯಾಗಿರುತ್ತದೆ. ಇನ್ನೂ ಹೆಚ್ಚಿನ ವೋಲ್ಟೇಜಿನ ಮಾಸ್‌ಫೆಟ್ ಹಾಕಬೇಕೇ, ಅಥವಾ ಔಟ್‌ಪುಟ್ ಕೆಪಾಸಿಟರನ್ನು ದೊಡ್ಡದು ಮಾಡಬೇಕೇ? ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕೆಂದು ಕೋರುತ್ತೇನೆ.

ಉತ್ತರ 1 (ಧಾರವಾಡದಿಂದ)

ತಾಂತ್ರಿಕ ವಿಷಯವನ್ನು ಬೇರೆಯವರು ಹೇಳುತ್ತಾರೆ. ಅದಕ್ಕಿಂತ ಮೊದಲು ನಾನು ಒಂದು ಮಾತು ಹೇಳಲೇಬೇಕು. ನಡೆಯುತ್ತಿರುವ ಸರ್ಕ್ಯೂಟಿನಲ್ಲಿ ಆ ಮಾಸ್‌ಫೆಟ್‌ನ ಬೆನ್ನನ್ನು ಇನ್ನೊಮ್ಮೆ ಮುಟ್ಟಬೇಡಿ. ಐಆರ್‌ಎಫ್740ರ ಲೋಹದ ಬೆನ್ನು ಅದರ ಡ್ರೈನ್‌ಗೆ (ಇಂಡಕ್ಟರಿಗೆ ಸೇರುವ ಕಾಲಿಗೆ) ಒಳಗೇ ಸೇರಿಕೊಂಡಿರುತ್ತದೆ, ಮತ್ತು ಬೂಸ್ಟ್ ಸರ್ಕ್ಯೂಟಿನಲ್ಲಿ ಡ್ರೈನ್ ಎಂಬುದು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ 180 ವೋಲ್ಟಿಗೆ ಜಿಗಿಯುವ ಜಾಗ. ನೀವು ಒಣಗಿದ ಬೆರಳಿನಿಂದ ಮುಟ್ಟಿದ್ದೀರಿ, ಇನ್ನೊಂದು ಕೈ ಬಹುಶಃ ಗ್ರೌಂಡಿಗೆ ತಾಗಿರಲಿಲ್ಲ. ಅಷ್ಟರಿಂದ ಉಳಿದುಕೊಂಡಿದ್ದೀರಿ.

ನಾನು ಮೂವತ್ತು ವರ್ಷ ಪಿಕ್ಚರ್ ಟ್ಯೂಬಿನ ಟಿ.ವಿ.ಗಳನ್ನು ರಿಪೇರಿ ಮಾಡಿದವನು. ನಮ್ಮ ಬೆಂಚಿನಲ್ಲಿ ಎರಡು ನಿಯಮಗಳಿದ್ದವು. ವೋಲ್ಟೇಜ್ ಇರುವಾಗ ಅಳೆಯಬೇಕಾದರೆ ಮೀಟರಿನ ಕಪ್ಪು ವೈರನ್ನು ಮೊದಲೇ ಗ್ರೌಂಡಿಗೆ ಕ್ಲಿಪ್ ಮಾಡಿ, ಕೆಂಪು ವೈರನ್ನು ಒಂದೇ ಕೈಯಲ್ಲಿ ಹಿಡಿದು ಅಳೆಯುವುದು. ಇನ್ನೊಂದು ಕೈ ಬೆನ್ನ ಹಿಂದೆ ಇಲ್ಲವೇ ಜೇಬಿನಲ್ಲಿ ಇರಬೇಕು. ಎರಡನೆಯದು, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರನ್ನು ನಂಬದಿರುವುದು. ನಿಮ್ಮ 4.7 ಮೈಕ್ರೊಫ್ಯಾರಡ್ ಕೆಪಾಸಿಟರನ್ನು ಖಾಲಿ ಮಾಡಲು ಈಗ ಫೀಡ್‌ಬ್ಯಾಕಿನ 680 ಕಿಲೊಓಮ್ ಬಿಟ್ಟರೆ ಬೇರೆ ದಾರಿಯಿಲ್ಲ. ಟ್ಯೂಬುಗಳು 140 ವೋಲ್ಟಿನ ಆಸುಪಾಸಿನಲ್ಲಿ ಆರಿಹೋಗುತ್ತವೆ, ಆಮೇಲೆ ಅವೂ ಕರೆಂಟ್ ಎಳೆಯುವುದಿಲ್ಲ. ಅಂಕಿ ಆರಿದೆ ಎಂದರೆ ವೋಲ್ಟೇಜ್ ಹೋಗಿದೆ ಎಂದಲ್ಲ. ಕೆಪಾಸಿಟರಿಗೆ ಅಡ್ಡಲಾಗಿ ಖಾಯಂ ಆಗಿ 470 ಕಿಲೊಓಮ್ ರೆಸಿಸ್ಟರ್ ಒಂದನ್ನು ಬೆಸೆಯಿರಿ. ಅದರಲ್ಲಿ ವ್ಯರ್ಥವಾಗುವುದು 0.07 ವ್ಯಾಟ್ ಮಾತ್ರ, ಹತ್ತು ಸೆಕೆಂಡಿನೊಳಗೆ ಕೆಪಾಸಿಟರ್ ಖಾಲಿಯಾಗುತ್ತದೆ. ಆದರೂ ಮೀಟರಿನಲ್ಲಿ ನೋಡಿಯೇ ಕೈ ಹಾಕಿ.

ಕೆಪಾಸಿಟರಿನ ಕಾಲುಗಳನ್ನು ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವವರನ್ನು ಕಂಡಿದ್ದೇನೆ. ಅದನ್ನು ಮಾಡಬೇಡಿ, 10 ಕಿಲೊಓಮ್ ರೆಸಿಸ್ಟರಿಗೆ ಎರಡು ಇನ್ಸುಲೇಟೆಡ್ ಕ್ಲಿಪ್‌ಗಳನ್ನು ಜೋಡಿಸಿಟ್ಟುಕೊಂಡರೆ ಕಿಡಿಯಿಲ್ಲದೆ ಕೆಲಸ ಮುಗಿಯುತ್ತದೆ.

ಉತ್ತರ 2 (ಬೆಂಗಳೂರಿನಿಂದ)

ಧಾರವಾಡದ ಹಿರಿಯರು ಹೇಳಿದ್ದನ್ನು ಮೊದಲು ಪಾಲಿಸಿ, ಆಮೇಲೆ ಮುಂದಿನದನ್ನು ಓದಿ.

ನಿಮ್ಮ ಎರಡು ಊಹೆಗಳೂ, ಅಂದರೆ ಹೆಚ್ಚಿನ ವೋಲ್ಟೇಜಿನ ಮಾಸ್‌ಫೆಟ್ ಮತ್ತು ದೊಡ್ಡ ಕೆಪಾಸಿಟರ್, ಔಟ್‌ಪುಟ್ ಕಡೆಗೆ ನೋಡುತ್ತಿವೆ. ಈ ಸಪ್ಲೈ ಕಟ್ಟುವವರೆಲ್ಲ 180 ವೋಲ್ಟನ್ನೇ ಕಷ್ಟದ ಭಾಗವೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಆ ಭಾಗ ನಿಮ್ಮಲ್ಲಿ ಸರಿಯಾಗಿಯೇ ಕೆಲಸ ಮಾಡುತ್ತಿದೆ, ಐಸಿಯ 1.25 ವೋಲ್ಟಿನ ರೆಫರೆನ್ಸಿಗೆ (ಹೋಲಿಕೆಗೆ ಇಟ್ಟುಕೊಂಡ ವೋಲ್ಟೇಜಿಗೆ) 680 ಮತ್ತು 4.7 ಕಿಲೊಓಮ್‌ಗಳ ಲೆಕ್ಕ ಹಾಕಿದರೆ ಬರುವುದು 182, ನಿಮ್ಮ ಮೀಟರ್ ತೋರಿಸಿದ್ದೂ ಅದನ್ನೇ. ಕುಸಿತ ಇರುವುದು 12 ವೋಲ್ಟಿನ ಕಡೆ, ಒಂದಕ್ಕಿಂತ ಹೆಚ್ಚು ಆಂಪಿಯರ್ ಬಡಿಬಡಿದು ಹರಿಯಬೇಕಾದ ಜಾಗದಲ್ಲಿ.

ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡೋಣ. ಐಎನ್-14ರ ಪ್ರತಿ ಅಂಕಿಗೆ ಸುಮಾರು 2.5 ಮಿಲಿಆಂಪಿಯರ್ ಬೇಕು. ಆರು ಟ್ಯೂಬುಗಳಿಗೆ 15 ಮಿಲಿಆಂಪಿಯರ್. 180 ವೋಲ್ಟಿನಲ್ಲಿ ಅದು 2.7 ವ್ಯಾಟ್. ದಕ್ಷತೆ ಶೇಕಡಾ 75 ಎಂದುಕೊಂಡರೆ ಒಳಗೆ 3.6 ವ್ಯಾಟ್, ಅಂದರೆ 12 ವೋಲ್ಟಿನಿಂದ ಸರಾಸರಿ 0.3 ಆಂಪಿಯರ್ ಬರಬೇಕು. ಆದರೆ ಇಂಡಕ್ಟರ್ ಸರಾಸರಿಯಲ್ಲಿ ಕೆಲಸ ಮಾಡುವುದಿಲ್ಲ. ಮಾಸ್‌ಫೆಟ್ ತೆರೆದಿರುವ, ಅಂದರೆ ಕರೆಂಟನ್ನು ಹರಿಯಬಿಡುವ, ಸುಮಾರು 11 ಮೈಕ್ರೊಸೆಕೆಂಡುಗಳಲ್ಲಿ ಅದರ ಕರೆಂಟ್ ಸೊನ್ನೆಯಿಂದ 1.3 ಆಂಪಿಯರಿನವರೆಗೆ ಏರುತ್ತದೆ. ಮಾಸ್‌ಫೆಟ್ ಮುಚ್ಚಿದೊಡನೆ ಆ ಶಕ್ತಿಯಷ್ಟೂ ಡಯೋಡಿನ ಮೂಲಕ ಕೆಪಾಸಿಟರಿಗೆ ಸುರಿಯುತ್ತದೆ, ಮತ್ತು ಆ ಸುರಿಯುವಿಕೆ ಒಂದು ಮೈಕ್ರೊಸೆಕೆಂಡಿಗೂ ಮೊದಲೇ ಮುಗಿದುಹೋಗುತ್ತದೆ, ಏಕೆಂದರೆ ಏರುವಾಗ ಅದನ್ನು ತಳ್ಳಿದ್ದು 12 ವೋಲ್ಟ್, ಇಳಿಯುವಾಗ ಅದಕ್ಕೆ ಎದುರಾಗಿ ನಿಲ್ಲುವುದು 168 ವೋಲ್ಟ್. ತುಂಬಲು ಹನ್ನೊಂದು, ಸುರಿಯಲು ಒಂದಕ್ಕಿಂತ ಕಡಿಮೆ. ನಿಮ್ಮ ಎಲ್ಲ ತೊಂದರೆಗಳೂ ಈ ಅನುಪಾತದಿಂದಲೇ ಹುಟ್ಟಿವೆ.

ಮೊದಲು ಡಯೋಡ್. 1ಎನ್4007 ನಮ್ಮ ಮನೆಯ 50 ಹರ್ಟ್ಸ್ ಕರೆಂಟಿಗೆ ಹೇಳಿ ಮಾಡಿಸಿದ ಡಯೋಡ್. ಅದರೊಳಗೆ ಹರಿದ ಕರೆಂಟ್ ನಿಂತ ಮೇಲೆ ಪೂರ್ತಿ ಮುಚ್ಚಿಕೊಳ್ಳಲು ಅದಕ್ಕೆ ಕೆಲವು ಮೈಕ್ರೊಸೆಕೆಂಡುಗಳು ಬೇಕು, ಅಷ್ಟರಲ್ಲಿ ಬಾಗಿಲು ಹಿಂದಕ್ಕೂ ತೆರೆದಿರುತ್ತದೆ. ಒಂದು ಮೈಕ್ರೊಸೆಕೆಂಡಿನಲ್ಲಿ ಮುಂದಕ್ಕೆ ಸುರಿದ ಚಾರ್ಜಿನ ಒಂದು ಪಾಲು ಹಿಂದಕ್ಕೆ ಹರಿದುಬರುತ್ತದೆ. ಆ ಹೊತ್ತಿಗೆ ಮಾಸ್‌ಫೆಟ್ ಮತ್ತೆ ತೆರೆದುಕೊಂಡಿದ್ದರೆ ನಿಮ್ಮ 180 ವೋಲ್ಟಿನ ಕೆಪಾಸಿಟರ್ ಡಯೋಡ್ ಮತ್ತು ಮಾಸ್‌ಫೆಟ್ ಮೂಲಕ ಕ್ಷಣಕಾಲ ಗ್ರೌಂಡಿಗೇ ಶಾರ್ಟ್ ಆಗುತ್ತದೆ. ಮಾಸ್‌ಫೆಟ್ ಸುಡುವುದಕ್ಕೆ ಇದೊಂದು ಕಾರಣ. ಯುಎಫ್4007 ಹಾಕಿ. ನೋಡಲು ಅದೇ ಕಪ್ಪು ಡಯೋಡ್, ಅದೇ 1 ಆಂಪಿಯರ್, ಅದೇ 1000 ವೋಲ್ಟ್, ಆದರೆ 75 ನ್ಯಾನೊಸೆಕೆಂಡಿನಲ್ಲಿ ಮುಚ್ಚಿಕೊಳ್ಳುತ್ತದೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಲ್ಲಿ ಕೇಳುವಾಗ ಹೆಸರನ್ನು ಬರೆದುಕೊಂಡು ಹೋಗಿ, ಕೊಟ್ಟ ಡಯೋಡಿನ ಮೇಲಿನ ಅಕ್ಷರಗಳನ್ನು ಓದಿ ತೆಗೆದುಕೊಳ್ಳಿ. "ಎರಡೂ ಒಂದೇ" ಎಂದು 4007ನ್ನೇ ಕೈಗಿಡುವುದು ನನಗೇ ಆಗಿದೆ.

ಎರಡನೆಯದು ಗೇಟ್. ಎಂಸಿ34063ರ 2ನೇ ಪಿನ್ ಗೇಟನ್ನು ಮೇಲಕ್ಕೆ ಎಳೆಯಬಲ್ಲದು, ಕೆಳಕ್ಕೆ ಎಳೆಯಲಾರದು. ಕೆಳಕ್ಕೆ ಎಳೆಯುವ ಕೆಲಸ ನಿಮ್ಮ 1 ಕಿಲೊಓಮ್ ರೆಸಿಸ್ಟರಿನ ಪಾಲಿಗೆ ಬಂದಿದೆ. ಐಆರ್‌ಎಫ್740ರ ಗೇಟ್ ಸುಮಾರು 1400 ಪಿಕೊಫ್ಯಾರಡ್ಡಿನ ಕೆಪಾಸಿಟರಿನಂತೆ ವರ್ತಿಸುತ್ತದೆ, ಡ್ರೈನ್ ಮೇಲೇರುವಾಗ ಅದರ ಭಾರ ಇನ್ನೂ ಹೆಚ್ಚು. 1 ಕಿಲೊಓಮ್ ಮೂಲಕ ಅದು ಖಾಲಿಯಾಗಲು ಒಂದೆರಡು ಮೈಕ್ರೊಸೆಕೆಂಡುಗಳು ಹಿಡಿಯುತ್ತವೆ. ಇಂಡಕ್ಟರಿನ ಶಕ್ತಿಯೆಲ್ಲ ಒಂದು ಮೈಕ್ರೊಸೆಕೆಂಡಿನೊಳಗೆ ಸುರಿದುಹೋಗಬೇಕಾದ ಸಂದರ್ಭದಲ್ಲಿ ಮಾಸ್‌ಫೆಟ್ ಎರಡು ಮೈಕ್ರೊಸೆಕೆಂಡು ಅರೆಬರೆ ತೆರೆದಿದ್ದರೆ, ಟ್ಯೂಬುಗಳಿಗೆ ಹೋಗಬೇಕಾದ ಶಕ್ತಿಯ ದೊಡ್ಡ ಪಾಲು ಅದರಲ್ಲೇ ಶಾಖವಾಗುತ್ತದೆ. ಪರಿಹಾರಕ್ಕೆ ಎರಡು ಸಣ್ಣ ಬಿಡಿಭಾಗಗಳು ಸಾಕು. 2ನೇ ಪಿನ್ನಿನಿಂದ ಗೇಟಿಗೆ 1ಎನ್4148 ಡಯೋಡ್, ಅದರ ಪಟ್ಟೆ ಗೇಟಿನ ಕಡೆಗೆ. 2ಎನ್2907 ಪಿಎನ್‌ಪಿ ಟ್ರಾನ್ಸಿಸ್ಟರಿನ ಎಮಿಟರ್ ಗೇಟಿಗೆ, ಬೇಸ್ 2ನೇ ಪಿನ್ನಿಗೆ, ಕಲೆಕ್ಟರ್ ಗ್ರೌಂಡಿಗೆ. 1 ಕಿಲೊಓಮ್ ರೆಸಿಸ್ಟರ್ 2ನೇ ಪಿನ್ನಿನಿಂದ ಗ್ರೌಂಡಿಗೆ ಹಾಗೆಯೇ ಇರಲಿ. ಈಗ ಆ ರೆಸಿಸ್ಟರ್ ಟ್ರಾನ್ಸಿಸ್ಟರಿನ ಬೇಸನ್ನು ಎಳೆದರೆ ಸಾಕು, ಗೇಟನ್ನು ಟ್ರಾನ್ಸಿಸ್ಟರ್ ಎಳೆಯುತ್ತದೆ.

ಮೂರನೆಯದು ನಿಮ್ಮ ಹಸಿರು ಇಂಡಕ್ಟರ್. ರೆಸಿಸ್ಟರಿನಂತೆ ಕಾಣುವ ಆ ಇಂಡಕ್ಟರುಗಳು ಕೆಲವು ನೂರು ಮಿಲಿಆಂಪಿಯರ್‌ಗಳಿಗೆ ಮಾಡಿದವು. 1.3 ಆಂಪಿಯರ್ ಬರುವುದಕ್ಕೆ ಬಹಳ ಮೊದಲೇ ಅದರ ಫೆರೈಟ್ (ಒಳಗಿನ ಕಾಂತೀಯ ತಿರುಳು) ಸ್ಯಾಚುರೇಟ್ ಆಗಿ, ಅಂದರೆ ಇನ್ನಷ್ಟು ಕಾಂತಶಕ್ತಿ ಹಿಡಿಯಲಾರದೆ, ಆಮೇಲೆ ಅದು ಬರೀ ತಂತಿಯಂತೆ ನಡೆದುಕೊಳ್ಳುತ್ತದೆ. ಕರೆಂಟ್ ಒಮ್ಮೆಲೇ ಜಿಗಿಯುತ್ತದೆ, ಐಸಿಯ ಕರೆಂಟ್ ಮಿತಿ ಅದನ್ನು ಕಂಡು ಪಲ್ಸನ್ನು ಅಲ್ಲಿಗೇ ಕತ್ತರಿಸುತ್ತದೆ, ಶಕ್ತಿ ತುಂಬಿರುವುದೇ ಇಲ್ಲ. ದಪ್ಪ ತಾಮ್ರದ ತಂತಿ ಸುತ್ತಿದ, ಕನಿಷ್ಠ 2 ಆಂಪಿಯರ್ ಸ್ಯಾಚುರೇಶನ್ ಕರೆಂಟಿನ, 100 ಮೈಕ್ರೊಹೆನ್ರಿಯ ಫೆರೈಟ್ ಡ್ರಮ್ ಇಂಡಕ್ಟರ್ ತನ್ನಿ.

ಕೊನೆಯದಾಗಿ ಬ್ರೆಡ್‌ಬೋರ್ಡ್. ಜನರು ಹೆಚ್ಚು ಕಡೆಗಣಿಸುವುದು ಇದನ್ನೇ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಿಮ್ಮ ಐಸಿ 0.22 ಓಮ್ ರೆಸಿಸ್ಟರಿನ ಮೇಲೆ 0.3 ವೋಲ್ಟ್ ಬಂದೊಡನೆ ಪಲ್ಸ್ ನಿಲ್ಲಿಸುತ್ತದೆ, ಅಂದರೆ ಮಿತಿ 1.36 ಆಂಪಿಯರ್. ಬ್ರೆಡ್‌ಬೋರ್ಡಿನ ಸ್ಪ್ರಿಂಗುಗಳು ಮತ್ತು ತೆಳುವಾದ ಜಂಪರ್ ವೈರುಗಳು ಸೇರಿ 0.15 ಓಮ್ ಕೂಡಿಸಿದರೆ ಐಸಿಗೆ ಕಾಣುವುದು 0.37 ಓಮ್, ಮಿತಿ 0.8 ಆಂಪಿಯರಿಗೆ ಇಳಿಯುತ್ತದೆ. ಇಂಡಕ್ಟರಿನ ಶಕ್ತಿ ಕರೆಂಟಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ಪ್ರತಿ ಪಲ್ಸಿನ ಶಕ್ತಿ 92 ಮೈಕ್ರೊಜೌಲಿನಿಂದ 33ಕ್ಕೆ, ಅಂದರೆ ಹೆಚ್ಚುಕಡಿಮೆ ಮೂರನೆಯ ಒಂದು ಭಾಗಕ್ಕೆ ಬೀಳುತ್ತದೆ. ನೀವು ಕೊಟ್ಟ ಅಂಕಿಗಳಿಂದ ನಾನು ಲೆಕ್ಕ ಹಾಕಿದಂತೆ ನಿಮ್ಮ ಸಪ್ಲೈ ಸುಮಾರು 1 ವ್ಯಾಟ್ ಕೊಟ್ಟು ಅಲ್ಲಿಗೇ ಕೈಚೆಲ್ಲುತ್ತಿದೆ: ಎರಡು ಟ್ಯೂಬು ಸರಿ, ಮೂರಕ್ಕೆ 170, ಐದಕ್ಕೆ 158, ಎಲ್ಲವೂ ಹೊಂದಿಕೊಳ್ಳುತ್ತವೆ. ಆರನೆಯದು ಹೊತ್ತದಿರುವುದಕ್ಕೂ ಇದೇ ಕಾರಣ. ಒಮ್ಮೆ ಹೊತ್ತಿದ ಟ್ಯೂಬು 140ರ ಆಸುಪಾಸಿಗೆ ಇಳಿಯುವವರೆಗೂ ಉರಿಯುತ್ತಿರುತ್ತದೆ, ಆದರೆ ಹೊಸದಾಗಿ ಹೊತ್ತಿಕೊಳ್ಳಲು 170 ವೋಲ್ಟ್ ಬೇಕೆಂದು ಐಎನ್-14ರ ತಾಂತ್ರಿಕ ಹಾಳೆಯೇ ಹೇಳುತ್ತದೆ. ಡಾಟ್ ಪಿಸಿಬಿಯ (ತೂತುಗಳ ಸಾಲಿರುವ ಬೆಸುಗೆ ಬೋರ್ಡಿನ) ಮೇಲೆ ಬೆಸುಗೆ ಹಾಕಿ. ಇಂಡಕ್ಟರ್, ಮಾಸ್‌ಫೆಟ್, 0.22 ಓಮ್ ಮತ್ತು 470 ಮೈಕ್ರೊಫ್ಯಾರಡ್ ಇನ್‌ಪುಟ್ ಕೆಪಾಸಿಟರ್, ಈ ನಾಲ್ಕನ್ನು ಒಂದರ ಪಕ್ಕ ಒಂದು ಇಡಿ.

ಫೀಡ್‌ಬ್ಯಾಕ್ ಬಗ್ಗೆಯೂ ಒಂದು ಸೂಚನೆ. 680 ಕಿಲೊಓಮ್ ಒಂದರ ಮೇಲೆಯೇ 180 ವೋಲ್ಟ್ ಹೊರಿಸುವ ಬದಲು ಎರಡು 330 ಕಿಲೊಓಮ್‌ಗಳನ್ನು ಸಾಲಾಗಿ ಹಾಕಿದರೆ ಪ್ರತಿಯೊಂದಕ್ಕೂ 90 ವೋಲ್ಟಿಗಿಂತ ಕಡಿಮೆ ಬರುತ್ತದೆ, ಔಟ್‌ಪುಟ್ 177 ಆಗುತ್ತದೆ. ಮುಂದೆ ಪ್ರೀಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಸೇರಿಸುವ ಮನಸ್ಸಾದರೆ ಅದನ್ನು ಕೆಳಗಿನ ಭಾಗದಲ್ಲೇ, 3.9 ಕಿಲೊಓಮ್ ಜೊತೆ 1 ಕಿಲೊಓಮ್ ಪ್ರೀಸೆಟ್ ಎಂಬಂತೆ ಹಾಕಿ. ಹಳೆಯ ಪ್ರೀಸೆಟ್‌ಗಳ ಸಂಪರ್ಕ ಕಡಿದುಹೋಗುವುದು ಸಾಮಾನ್ಯ. ಕೆಳಗಿನ ಭಾಗದಲ್ಲಿ ಕಡಿದರೆ ಐಸಿ ಔಟ್‌ಪುಟ್ ಹೆಚ್ಚಾಗಿದೆ ಎಂದು ತಿಳಿದು ಕೆಲಸ ನಿಲ್ಲಿಸುತ್ತದೆ. ಮೇಲಿನ ಭಾಗದಲ್ಲಿ ಕಡಿದರೆ ಔಟ್‌ಪುಟ್ ಬಂದೇ ಇಲ್ಲ ಎಂದು ತಿಳಿದು ಏರಿಸುತ್ತಲೇ ಹೋಗಿ ಕೆಪಾಸಿಟರನ್ನು ಸಿಡಿಸುತ್ತದೆ.

ಉತ್ತರ 3 (ಮಂಗಳೂರಿನಿಂದ)

ಬೂಸ್ಟ್ ಸರ್ಕ್ಯೂಟಿನ ಸದ್ದು, ಬಿಸಿ ಯಾವುದೂ ಬೇಡವೆನ್ನುವವರಿಗೆ ಎರಡು ಟ್ರಾನ್ಸ್‌ಫಾರ್ಮರುಗಳ ಹಳೆಯ ದಾರಿಯೊಂದಿದೆ. 230ರಿಂದ 12 ವೋಲ್ಟಿಗೆ ಇಳಿಸುವ ಒಂದು ಟ್ರಾನ್ಸ್‌ಫಾರ್ಮರ್, ಅದರ 12 ವೋಲ್ಟನ್ನು 230ರಿಂದ 18ಕ್ಕೆ ಇಳಿಸುವ ಇನ್ನೊಂದು ಟ್ರಾನ್ಸ್‌ಫಾರ್ಮರಿನ 18 ವೋಲ್ಟಿನ ಕಡೆಗೆ ಕೊಟ್ಟರೆ ಆ ತುದಿಯಲ್ಲಿ ಸುಮಾರು 150 ವೋಲ್ಟ್ ಎ.ಸಿ. ಸಿಗುತ್ತದೆ, ಬ್ರಿಡ್ಜ್ (ಎ.ಸಿ.ಯನ್ನು ಡಿ.ಸಿ. ಮಾಡುವ ನಾಲ್ಕು ಡಯೋಡುಗಳು) ಹಾಕಿ ಫಿಲ್ಟರ್ ಮಾಡಿದರೆ ನಷ್ಟ ಕಳೆದು 200ರ ಆಸುಪಾಸಿನ ಡಿ.ಸಿ. ಬರುತ್ತದೆ. ಆಗ ಆ್ಯನೋಡ್ ರೆಸಿಸ್ಟರನ್ನು 24 ಕಿಲೊಓಮ್ ಮಾಡಿಕೊಳ್ಳಬೇಕು. ಇಲ್ಲಿ 1ಎನ್4007 ತಕ್ಕ ಡಯೋಡೇ. ಕುಂದು ಎಂದರೆ ಸಂಜೆ ಹೊತ್ತು ಕರೆಂಟಿನ ವೋಲ್ಟೇಜ್ ಇಳಿದಾಗ ಗಡಿಯಾರವೂ ಮಂಕಾಗುತ್ತದೆ.

ಗೋಡೆಯ ಪ್ಲಗ್ಗಿನ 230 ವೋಲ್ಟನ್ನೇ ನೇರವಾಗಿ ರೆಕ್ಟಿಫೈ ಮಾಡುವ ಚಿತ್ರಗಳನ್ನು ನೀವು ಎಲ್ಲಾದರೂ ಕಂಡಿದ್ದರೆ ಅದನ್ನು ಮಾಡಬೇಡಿ. ಅದರ ಶಿಖರ 325 ವೋಲ್ಟ್, ಮತ್ತು ಗಡಿಯಾರದ ಪ್ರತಿ ಬಿಂದುವೂ ನೇರವಾಗಿ ಲೈನಿಗೆ ಸೇರಿಕೊಂಡಿರುತ್ತದೆ.

ಉತ್ತರ 2ರವರಿಂದ ಮತ್ತೆ

ಮಂಗಳೂರಿನವರ ದಾರಿಗೆ ನನ್ನ ಆಕ್ಷೇಪವಿಲ್ಲ, ಆದರೆ ಪ್ರಶ್ನೆ ಕೇಳಿದವರು ಗುರಿಯ ಹತ್ತಿರವೇ ಇರುವುದರಿಂದ ಬೂಸ್ಟನ್ನು ಬಿಡಬಾರದೆಂದು ನನ್ನ ಅಭಿಪ್ರಾಯ. ಬೆಸುಗೆ ಹಾಕಿದ ಬೋರ್ಡಿಗೆ ಮೊದಲ ಬಾರಿ ಕರೆಂಟ್ ಕೊಡುವಾಗ 12 ವೋಲ್ಟಿನ ಸಾಲಿನಲ್ಲಿ ಬೈಕಿನ 10 ವ್ಯಾಟ್ ಇಂಡಿಕೇಟರ್ ಬಲ್ಬನ್ನು ಸೇರಿಸಿಕೊಳ್ಳಿ. ಮಾಸ್‌ಫೆಟ್ ತೆರೆದೇ ಉಳಿದಿದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಬೋರ್ಡ್ ಉಳಿಯುತ್ತದೆ. ಒಂದೊಂದು ಬದಲಾವಣೆಯಾದ ಮೇಲೂ ಅಳೆದು ಬರೆದಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಹತ್ತು ದಿನಗಳ ಕೆಲಸದ ನಂತರ ಬರೆಯುತ್ತಿದ್ದೇನೆ. ಧಾರವಾಡದ ಸರ್, ನೀವು ಹೇಳುವವರೆಗೂ ಆ ಲೋಹದ ಬೆನ್ನು ಡ್ರೈನ್ ಎಂಬುದು ನನಗೆ ಗೊತ್ತಿರಲಿಲ್ಲ. ಈಗ ಅದಕ್ಕೆ ಇನ್ಸುಲೇಟಿಂಗ್ ಸ್ಲೀವ್ ಹಾಕಿದ್ದೇನೆ, 470 ಕಿಲೊಓಮ್ ಬೆಸೆದಿದ್ದೇನೆ.

ಬೆಂಗಳೂರಿನ ಸರ್ ಹೇಳಿದಂತೆ ಪ್ರತಿ ಹಂತವನ್ನೂ ಅಳೆದೆ. ಬ್ರೆಡ್‌ಬೋರ್ಡಿನ ಮೇಲೆಯೇ ಡಯೋಡ್ ಮಾತ್ರ ಬದಲಿಸಿದಾಗ ಐದು ಟ್ಯೂಬುಗಳಿಗೆ 158 ಇದ್ದದ್ದು 163 ಆಯಿತು. ಅಷ್ಟೇನಾ ಎಂದು ಬೇಸರವಾಯಿತು. ಆಮೇಲೆ ಡಾಟ್ ಪಿಸಿಬಿಯ ಮೇಲೆ ಎಲ್ಲವನ್ನೂ ಬೆಸೆದು, ಕಪ್ಪು ಡ್ರಮ್ಮಿನ ಹೊಸ ಇಂಡಕ್ಟರ್ ಹಾಕಿ ಬಲ್ಬಿನ ಜೊತೆ ಚಾಲೂ ಮಾಡಿದೆ. ಬಲ್ಬ್ ಒಂದು ಕ್ಷಣ ಮಿನುಗಿ ಆರಿತು, ಮೀಟರಿನಲ್ಲಿ 177 ನಿಂತಿತು. ಬಲ್ಬ್ ತೆಗೆದು ಒಂದೊಂದೇ ಟ್ಯೂಬು ಸೇರಿಸುತ್ತಾ ಹೋದರೆ ಆರನೆಯದಕ್ಕೂ 177 ಅಲುಗಲಿಲ್ಲ. ಆಗ 12 ವೋಲ್ಟಿನಿಂದ ಎಳೆಯುತ್ತಿದ್ದದ್ದು 0.36 ಆಂಪಿಯರ್, ಮಾಸ್‌ಫೆಟ್ ಇನ್ನೂ ಬಿಸಿಯಾಗುತ್ತಿತ್ತು. ಕೊನೆಗೆ 2ಎನ್2907 ಮತ್ತು 1ಎನ್4148 ಸೇರಿಸಿದೆ. ಅದೇ ಆರು ಟ್ಯೂಬುಗಳಿಗೆ ಕರೆಂಟ್ 0.28 ಆಂಪಿಯರಿಗೆ ಇಳಿಯಿತು. ಅರ್ಧ ಗಂಟೆ ನಡೆಸಿ, ಸ್ವಿಚ್ ಆರಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆ ಮಾಸ್‌ಫೆಟ್ ಮುಟ್ಟಿದರೆ ಬೆಚ್ಚಗಿತ್ತು, ಅಷ್ಟೆ. ಸಿಳ್ಳೆಯೂ ನಿಂತಿದೆ.

ಒಂದು ಸಂಗತಿ ಉಳಿದಿದೆ. ನಾಲ್ಕನೆಯ ಟ್ಯೂಬಿನಲ್ಲಿ 3ರ ಕೆಳಗಿನ ಬಳುಕು ಹೊಳೆಯುವುದಿಲ್ಲ, ಮೇಲಿನ ಅರ್ಧ ಮಾತ್ರ ಉರಿಯುತ್ತದೆ. ಉಳಿದ ಒಂಬತ್ತು ಅಂಕಿಗಳು ಚೆನ್ನಾಗಿವೆ. ಇದೂ ಸಪ್ಲೈಯ ದೋಷವೇ?

ಉತ್ತರ 1ರವರಿಂದ

ಸಪ್ಲೈಯ ದೋಷವಲ್ಲ. ಟ್ಯೂಬಿನಲ್ಲಿ ಬೇರೆ ಅಂಕಿಗಳು ಬಹುಕಾಲ ಉರಿದಾಗ ಅವುಗಳಿಂದ ಸಿಡಿದ ಲೋಹದ ಕಣಗಳು ಉರಿಯದೆ ಕುಳಿತ ಅಂಕಿಯ ಮೇಲೆ ಪದರವಾಗಿ ಕೂರುತ್ತವೆ, ಆ ಭಾಗದಲ್ಲಿ ಬೆಳಕು ಹತ್ತುವುದಿಲ್ಲ. ಹಳೆಯ ಅಳತೆ ಉಪಕರಣಗಳಿಂದ ತೆಗೆದ ಟ್ಯೂಬುಗಳಲ್ಲಿ ಇದು ಸಾಮಾನ್ಯ.

ಆ ಟ್ಯೂಬಿನ 3ನ್ನು ಮಾತ್ರ ಗ್ರೌಂಡಿಗೆ ಸೇರಿಸಿ, ಆ್ಯನೋಡಿನ 15 ಕಿಲೊಓಮ್‌ಗೆ ಸಮಾನಾಂತರವಾಗಿ ಇನ್ನೊಂದು 15 ಕಿಲೊಓಮ್ ಹಾಕಿ. ಕರೆಂಟ್ ಸುಮಾರು 5 ಮಿಲಿಆಂಪಿಯರ್ ಆಗುತ್ತದೆ. ನೀವು ಎದುರಿಗೆ ಇರುವಾಗ ಮಾತ್ರ ಕೆಲವು ಗಂಟೆ ಹಾಗೆಯೇ ಉರಿಯಲು ಬಿಡಿ. ಹೊಳಪು ಮೇಲಿನಿಂದ ನಿಧಾನವಾಗಿ ಕೆಳಕ್ಕೆ ಹರಡುತ್ತಾ ಬರುವುದನ್ನು ಕಣ್ಣಿನಿಂದಲೇ ನೋಡಬಹುದು. ಅಂಕಿ ಪೂರ್ತಿಯಾದ ಕೂಡಲೇ ಹೆಚ್ಚುವರಿ ರೆಸಿಸ್ಟರನ್ನು ತೆಗೆದುಬಿಡಿ. ಮುಂದೆ ಗಡಿಯಾರದ ಪ್ರೋಗ್ರಾಮಿನಲ್ಲಿ ರಾತ್ರಿ ಒಂದು ಹೊತ್ತು ಆರೂ ಟ್ಯೂಬುಗಳಲ್ಲಿ 0ಯಿಂದ 9ರವರೆಗೆ ಎಲ್ಲ ಅಂಕಿಗಳನ್ನೂ ಸರದಿಯಲ್ಲಿ ಓಡಿಸಿ. ಗಂಟೆಯ ಹತ್ತರ ಸ್ಥಾನದ ಟ್ಯೂಬಿಗೆ ಇದು ಬಹಳ ಅಗತ್ಯ, ಅದು ದಿನವಿಡೀ 0, 1, 2 ಬಿಟ್ಟು ಬೇರೇನನ್ನೂ ತೋರಿಸುವುದಿಲ್ಲ.